ಒಂದೇ ಉಸಿರಿನ ಎಣಿಕೆ

ಎರಡನೆಯ ಅಲೆ ಬಂದ ಆ ಬೇಸಿಗೆಯಲ್ಲಿ ನಮ್ಮ ಶಾಲೆಗೆ ಬೀಗ ಬಿದ್ದಿತ್ತು. ಹಲಸೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಗೆ ಪಾಠ ಹೇಳುತ್ತಿದ್ದ ನನಗೆ ಫೋನ್ ಡ್ಯೂಟಿ ಹಾಕಿದರು. ಕೊರೊನಾ ತಗುಲಿ ಮನೆಯಲ್ಲೇ ಉಳಿದವರಿಗೆ ದಿನವೂ ಕರೆ ಮಾಡಬೇಕು. ಜ್ವರ ಇದೆಯೇ, ಕೆಮ್ಮು ಇದೆಯೇ, ಉಸಿರಾಡಲು ಕಷ್ಟವಾಗುತ್ತಿದೆಯೇ ಎಂದು ಕೊಟ್ಟ ಎಂಟು ಪ್ರಶ್ನೆಗಳನ್ನು ಕೇಳಿ, ಉತ್ತರ ತುಂಬಿ ಕಳಿಸಬೇಕು. ಅಷ್ಟೇ ಕೆಲಸ.

ಬೈಯಪ್ಪನಹಳ್ಳಿಯ ನಮ್ಮ ಬಾಡಿಗೆ ಮನೆ ಎರಡನೆಯ ಮಹಡಿಯಲ್ಲಿತ್ತು. ಬಾಲ್ಕನಿಯಲ್ಲಿ ವಾಷಿಂಗ್ ಮೆಷೀನಿನ ಪಕ್ಕ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದುದರಿಂದ ಅಲ್ಲೇ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡೆ. ಎದುರಿಗೆ ಡಿಪೋದಲ್ಲಿ ಮೆಟ್ರೊ ಬೋಗಿಗಳು ಸುಮ್ಮನೆ ನಿಂತಿದ್ದವು. ಬೆಳಿಗ್ಗೆ ಏಳಕ್ಕೆಲ್ಲ ಮೊಬೈಲಿಗೆ ಪಟ್ಟಿ ಬರುತ್ತಿತ್ತು. ಬೈಸಿಕೊಳ್ಳುವುದಕ್ಕೆ ಬಹಳ ಬೇಗ ಅಭ್ಯಾಸವಾಯಿತು. "ನಿನ್ನೆ ತಾನೆ ಹೇಳಿದ್ನಲ್ಲಮ್ಮ, ಇವತ್ತೂ ಅದನ್ನೇ ಕೇಳ್ತೀರಲ್ಲ" ಎಂದು ಕೆಲವರು ಫೋನ್ ಇಡುತ್ತಿದ್ದರು. ಇನ್ನು ಕೆಲವರಿಗೆ ನಾನು ಓಟಿಪಿ ಕದಿಯುವವಳು ಎಂಬ ಅನುಮಾನ. ಶಿವಾಜಿನಗರದ ಉರ್ದು ಮಾತಾಡುವ ಮನೆಗಳಿಗಾಗಿ "ಬುಖಾರ್ ಹೈ ಕ್ಯಾ, ಖಾಂಸಿ ಹೈ ಕ್ಯಾ" ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ನನ್ನ ಉಚ್ಚಾರ ಕೇಳಿ ಕನಿಕರಪಟ್ಟು ಅವರೇ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು.

ಒಂದು ಸೋಮವಾರದ ಪಟ್ಟಿಯಲ್ಲಿ ಕಾಕ್ಸ್ ಟೌನಿನ ಒಬ್ಬ ಹೆಂಗಸು ಇದ್ದರು. ವಯಸ್ಸು ಎಪ್ಪತ್ತೊಂದು, ಒಂಟಿ ವಾಸ.

"ನಮಸ್ಕಾರ. ಆರೋಗ್ಯ ಇಲಾಖೆಯಿಂದ ಮಾತಾಡ್ತಿದೀನಿ" ಎಂದೆ.

"ಇಲಾಖೆ ಇರ್ಲಿ. ನೀವು ಟೀಚರ್ ತಾನೆ?"

"ಹೇಗೆ ಗೊತ್ತಾಯ್ತು?"

"ಒಂದೊಂದು ಅಕ್ಷರಾನೂ ಬಿಡಿಸಿ ಬಿಡಿಸಿ ಹೇಳ್ತೀರಲ್ಲ, ಚಿಕ್ಕ ಮಕ್ಕಳಿಗೆ ಹೇಳೋ ಥರ. ಕೇಳಿ ಮಿಸ್, ನಿಮ್ಮ ಕ್ವೆಶ್ಚನ್ ಕೇಳಿ."

ಅವತ್ತಿನಿಂದ ನಾನು ಮಿಸ್, ಅವರು ಆಂಟಿ. ರುಚಿ, ವಾಸನೆ ತಿಳಿಯುತ್ತಿದೆಯೇ ಎಂದು ಕೇಳಿದ್ದಕ್ಕೆ, "ಎರಡೂ ಇಲ್ಲ. ಒಂಥರಾ ಒಳ್ಳೇದೇ ಆಯ್ತು. ನಾನು ಮಾಡಿದ ರಸಂ ಇಷ್ಟು ಸಲೀಸಾಗಿ ಯಾವತ್ತೂ ನನ್ನ ಗಂಟಲಲ್ಲಿ ಇಳಿದಿರ್ಲಿಲ್ಲ" ಎಂದರು. ಆ ಬೇಸಿಗೆಯಲ್ಲಿ ಫೋನ್ ಹಿಡಿದು ನಾನು ನಕ್ಕಿದ್ದು ಅದೇ ಮೊದಲು.

ಮಾರನೆಯ ದಿನದಿಂದ ಅವರ ಹೆಸರನ್ನು ಪಟ್ಟಿಯ ಕೊನೆಗೆ ಇಟ್ಟುಕೊಂಡೆ. ಮಿಕ್ಕವರನ್ನೆಲ್ಲ ಮುಗಿಸಿದ ಮೇಲೆ ಹತ್ತು ನಿಮಿಷ ನಿಧಾನವಾಗಿ ಮಾತಾಡಬಹುದಲ್ಲ ಎಂಬ ಆಸೆ. ಅವರು ನಲವತ್ತು ವರ್ಷದಿಂದ ಮದುವೆ ಗೌನು ಹೊಲಿಯುತ್ತಿದ್ದವರು. ಸುತ್ತಮುತ್ತಲಿನ ಚರ್ಚುಗಳಲ್ಲಿ ಅಮ್ಮಂದಿರಿಗೆ ಹೊಲಿದು, ಆಮೇಲೆ ಅವರ ಮಕ್ಕಳಿಗೂ ಹೊಲಿದಿದ್ದರು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಗ ಮುಂದಿನ ಕೋಣೆಯಲ್ಲಿ ಒಂದು ಬಿಳಿ ಗೌನು ಅರ್ಧಕ್ಕೆ ನಿಂತಿತ್ತು. ಮದುವೆ ಮುಂದಕ್ಕೆ ಹೋಗಿತ್ತು. ಕೆಳಗಿನ ಅಂಚು ಮಡಿಸಿ ಹೊಲಿಯುವುದಷ್ಟೇ ಬಾಕಿ.

"ಈಗ ಟೈಮ್ ಇದೆಯಲ್ಲ ಆಂಟಿ, ಮುಗಿಸಿಬಿಡಿ" ಎಂದೆ.

"ಬೇಡ ಮಿಸ್. ಆ ಹುಡುಗಿ ಬಟ್ಟೆ ಮೇಲೆ ನನ್ನ ಕೆಮ್ಮು ಬೀಳ್ಬಾರ್ದು. ಬೆಡ್‌ಶೀಟ್ ಮುಚ್ಚಿ ಇಟ್ಟಿದೀನಿ. ನಾನು ಆ ಕಡೆ ಹೋಗೋದೂ ಇಲ್ಲ."

ನಮಗೆ ತರಬೇತಿ ಕೊಟ್ಟ ವೈದ್ಯೆಯೊಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇಲ್ಲದ ಮನೆಯಾದರೆ, ರೋಗಿಗೆ ದೊಡ್ಡದಾಗಿ ಉಸಿರೆಳೆದುಕೊಂಡು ಅದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಿ. ಎಲ್ಲಿ ನಿಲ್ಲಿಸುತ್ತಾರೆ ಎಂದು ಬರೆದಿಡಿ. ದಿನದಿಂದ ದಿನಕ್ಕೆ ಆ ಸಂಖ್ಯೆ ಇಳಿದರೆ ಎಚ್ಚರವಾಗಿ. ಮಗ್ಗಿ ಹೇಳಿಸಿ ಅಭ್ಯಾಸವಿದ್ದ ನನಗೆ ಇದು ಹಿಡಿಸಿತ್ತು. ಆಂಟಿಯ ಮನೆಯಲ್ಲಿ ಆಕ್ಸಿಮೀಟರ್ ಇರಲಿಲ್ಲ. ಆ ವಾರ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತಿರಲಿಲ್ಲ. ಟೇಪು ಹಿಡಿದು ಅಳೆಯುವ ರೂಢಿಯಿಂದ ಅವರು ಇಂಗ್ಲಿಷಿನಲ್ಲಿ ಎಣಿಸುತ್ತಿದ್ದರು. ಮೂರನೆಯ ದಿನ ಇಪ್ಪತ್ತೊಂಬತ್ತರ ತನಕ ಹೋದರು. "ಇನ್ನು ಒಂದೆರಡು ಹೋಗಿದ್ರೆ ನನ್ನ ಸೊಂಟದ ಅಳತೆ ಬಂದ್ಬಿಡ್ತಿತ್ತು" ಎಂದರು.

ಹಿಂದಿನ ದಿನ ಕೆಮ್ಮು ಜಾಸ್ತಿಯಿದ್ದುದರಿಂದ ಏಳನೆಯ ದಿನ ಅವರಿಗೇ ಮೊದಲು ಕರೆ ಮಾಡಿದೆ. ಫೋನ್ ಬಹಳ ಹೊತ್ತು ಹೊಡೆದುಕೊಂಡಿತು. ಎತ್ತಿದಾಗ ದನಿ ಸಣ್ಣಗಿತ್ತು.

"ಹೇಗಿದೀರಾ ಆಂಟಿ?"

"ಚೆನ್ನಾಗಿದೀನಿ."

ಮುಂದೆ ಮಾತಿಲ್ಲ, ತಮಾಷೆಯಿಲ್ಲ. ಒಂದನೆಯ ತರಗತಿಯಲ್ಲಿ ಗಲಾಟೆ ಮಾಡುವ ಮಗು ಸುಮ್ಮನೆ ಕೂತರೆ ನಾವು ಹಣೆ ಮುಟ್ಟಿ ನೋಡುತ್ತೇವೆ. ನನಗೆ ಹಾಗೇ ಅನ್ನಿಸಿತು.

"ಒಂದ್ಸಲ ಎಣಿಸಿಬಿಡಿ" ಎಂದೆ.

"ಒಣ್ಣು, ರೆಂಡು, ಮೂಣು..." ಎಂದು ಶುರು ಮಾಡಿದರು. ತಾವು ಮನೆಮಾತಾದ ತಮಿಳಿಗೆ ಹೊರಳಿದ್ದು ಅವರಿಗೇ ಗೊತ್ತಾಗಲಿಲ್ಲ. ನಾನು ಬೆರಳು ಮಡಚುತ್ತಾ ಹೋದೆ. ಒಂಬತ್ತಕ್ಕೆ ನಿಂತರು. ಆಮೇಲೆ ಬರೀ ಉಸಿರಿನ ಸದ್ದು.

ಬೆಡ್ ಕೊಡಿಸುವ ಸಹಾಯವಾಣಿಗೆ ಕರೆ ಮಾಡಿದೆ. ಹೆಸರು ಬರೆದುಕೊಂಡು ಕಾಯಲು ಹೇಳಿದರು. ನಮ್ಮ ಮನೆಗೆಂದು ಮೊದಲೇ ಕೊಂಡಿಟ್ಟಿದ್ದ ಆಕ್ಸಿಮೀಟರನ್ನು ಬ್ಯಾಗಿಗೆ ಹಾಕಿಕೊಂಡೆ. ಫೋನ್ ಮಾಡುವವರು ರೋಗಿಯ ಮನೆಗೆ ಹೋಗಕೂಡದು ಎಂದು ಆದೇಶದಲ್ಲೇ ಇತ್ತು. ಒಳಗೆ ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಕೆಲಸದಲ್ಲಿದ್ದ ನನ್ನ ಗಂಡ ತಲೆಯೆತ್ತಿದರು. ಇಬ್ಬರೂ ಗದಗಿನ ಕಡೆಯವರು. ಮನೆಯೊಳಗೆ ನಮ್ಮ ಮಾತು ಇವತ್ತಿಗೂ ಅಲ್ಲಿಯದೇ.

"ಎಲ್ಲಿಗೆ ಹೊಂಟಿ?"

"ಕಾಕ್ಸ್ ಟೌನಿಗೆ."

"ಹುಚ್ಚ ಹಿಡದೈತೇನು? ಫೋನ್ ಮಾಡೂದಷ್ಟ ನಿನ್ನ ಕೆಲಸ."

"ಒಂಬತ್ತಕ್ಕ ನಿಂತ್ರು. ಮೂರನೇ ದಿನ ಇಪ್ಪತ್ತೊಂಬತ್ತಿತ್ತು."

ಅವರು ಲ್ಯಾಪ್‌ಟಾಪು ಮುಚ್ಚಿದರು. ಎದ್ದು ಹೋಗಿ ಸ್ಕೂಟರಿನ ಕೀ ತಂದು ನನ್ನ ಕೈಗಿಟ್ಟರು. ಜೊತೆಗೆ ಎರಡು ಮಾಸ್ಕು. "ಒಂದರ ಮ್ಯಾಲ ಒಂದ್ ಹಾಕ್ಕೊ. ಮನಿ ಒಳಗ ಕಾಲಿಡಬ್ಯಾಡ" ಎಂದರು.

ಮಾರುತಿ ಸೇವಾನಗರದ ಮೇಲ್ಸೇತುವೆಯ ಬಳಿ ಪೊಲೀಸರು ತಡೆದರು. ಡ್ಯೂಟಿ ಪತ್ರ ತೋರಿಸಿದೆ. ರಸ್ತೆಯಲ್ಲಿ ಜನವೇ ಇರಲಿಲ್ಲ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೆಯ ಹೆಂಚಿನ ಮನೆ ಅದು. ಗೇಟು ತೆಗೆದು ಕಿಟಕಿಯ ಮುಂದೆ ನಿಂತು ಕರೆದೆ. ಕಿಟಕಿಯ ಬಾಗಿಲು ತೆರೆದುಕೊಂಡಿತು. ಅಷ್ಟು ದಿನ ಆ ತುಂಬು ದನಿ ಕೇಳಿ ಎತ್ತರದ, ದಪ್ಪನೆಯ ಹೆಂಗಸನ್ನು ಊಹಿಸಿಕೊಂಡಿದ್ದೆ. ಸರಳಿನಾಚೆ ನಿಂತಿದ್ದವರು ಐದಡಿಯೂ ಇಲ್ಲದ, ಹೂವಿನ ನೈಟಿ ತೊಟ್ಟ ಒಂದು ಸಣ್ಣ ಜೀವ. ತುಟಿಯ ಬಣ್ಣ ಸರಿಯಿರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಆಕ್ಸಿಮೀಟರ್ ಇಟ್ಟು ಹಿಂದೆ ಸರಿದೆ. ಅವರು ಬೆರಳಿಗೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿಸಿದರು. ಎಂಬತ್ತೆಂಟು.

"ಎಂಬತ್ತೆಂಟು ಮಾರ್ಕ್ಸ್... ಪಾಸಲ್ವಾ ಮಿಸ್?"

"ಇದರಲ್ಲಿ ಪಾಸಾಗಕ್ಕೆ ತೊಂಬತ್ತೈದು ಬೇಕು ಆಂಟಿ. ಬೋರಲು ಮಲಗ್ಬೇಕು ನೀವು, ಉಸಿರು ಸಲೀಸಾಗುತ್ತೆ."

ಅವರ ಮಂಚ ಒಳಕೋಣೆಯಲ್ಲಿತ್ತು. ಅಲ್ಲಿ ಮಲಗಿದರೆ ನನಗೆ ಕಾಣುವುದಿಲ್ಲ. ಕಿಟಕಿಯ ಪಕ್ಕದಲ್ಲೇ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿತ್ತು. ಅದರ ಮೇಲೆ ಮಲಗಿ ಎಂದೆ. ಕತ್ತರಿ, ಸೀಮೆಸುಣ್ಣ ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ಸ್ಟೂಲು ಹತ್ತಿ, ಲೈನಿಂಗ್ ಬಟ್ಟೆಯ ಸುರುಳಿಯನ್ನೇ ದಿಂಬು ಮಾಡಿಕೊಂಡು ಬೋರಲು ಮಲಗಿದರು. ಮುಖ ನನ್ನ ಕಡೆ. ಹಿಂದೆ ದರ್ಜಿ ಬೊಂಬೆಯ ಮೇಲೆ ಬೆಡ್‌ಶೀಟ್ ಹೊದ್ದ ಗೌನು ನಿಂತಿತ್ತು. ಕಾಲು ಗಂಟೆ ಕಳೆದ ಮೇಲೆ ತೊಂಬತ್ತಾಯಿತು. ಆಮೇಲೆ ತೊಂಬತ್ತೊಂದು. ಅಲ್ಲಿಗೇ ನಿಂತಿತು.

ಇನ್ನು ಮುಖ್ಯೋಪಾಧ್ಯಾಯಿನಿಗೆ ಹೇಳದೆ ಗತಿಯಿರಲಿಲ್ಲ. ನಮ್ಮ ಫೋನ್ ತಂಡದ ಉಸ್ತುವಾರಿ ಅವರದೇ. ಹಾಜರಿ ಪುಸ್ತಕದಲ್ಲಿ ಐದು ನಿಮಿಷ ತಡವಾದರೂ ಕೆಂಪು ಶಾಯಿ ಹಾಕುವ ಹೆಂಗಸು. ಹನ್ನೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದರೂ ಅವರ ಕೋಣೆಗೆ ಹೋಗುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

"ರೂಲ್ಸ್ ಪ್ರಕಾರ ನೀವು ಅಲ್ಲಿರಬಾರದು" ಎಂದರು.

"ಹೌದು ಮೇಡಂ."

"ಗೇಟಿನ ಹೊರಗಿದೀರೋ ಒಳಗೋ?"

"ಒಳಗೆ."

"ಆಯಮ್ಮನ ವಿವರ ಕಳಿಸಿ, ಬೆಡ್ಡಿಗೆ ನಾನು ನೋಡ್ತೀನಿ. ನಿಮ್ಮ ಇವತ್ತಿನ ಪಟ್ಟಿನೂ ಕಳಿಸಿ. ಉಳಿದವರಿಗೆ ನಾನೇ ಫೋನ್ ಮಾಡ್ತೀನಿ. ನೀವು ಅಲ್ಲಿಂದ ಕದಲಬೇಡಿ."

ನಾನು ಕಾಂಪೌಂಡಿನ ಗೋಡೆಗೆ ಒರಗಿ ಕೂತೆ. ಬಿಸಿಲು ನೆತ್ತಿಯ ಮೇಲಿತ್ತು. ಒಳಗಿನಿಂದ ಆಂಟಿ ಹೇಳಿದರು, "ಆಸ್ಪತ್ರೆ ಬೇಡ ಮಿಸ್. ಹೋದವರನ್ನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಳಿಸ್ತಾರೆ." ಆ ವಾರ ಟೀವಿಯಲ್ಲಿ ಅದನ್ನೇ ಎಲ್ಲರೂ ನೋಡುತ್ತಿದ್ದೆವು. ಹಾಗೇನೂ ಆಗುವುದಿಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಂಗೂ ಹೆದರಿಕಿ ಅದ ಆಂಟಿ. ಆದ್ರ ಇಲ್ಲಿ ಆಕ್ಸಿಜನ್ ಇಲ್ಲಲ್ರಿ."

ಅವರು ಕಣ್ಣು ತೆರೆದರು. "ಇದು... ನಿಮ್ಮೂರ ಕನ್ನಡಾನಾ?"

"ಹೌದ್ರಿ. ಗದಗಿನ ಕಡೇದು."

"ಚೆನ್ನಾಗಿದೆ. ಹಿಂಗೇ ಮಾತಾಡ್ತಿರಿ. ನಾನು ಕೇಳ್ತೀನಿ."

ಹಾಗಾಗಿ ಆ ಮಧ್ಯಾಹ್ನವೆಲ್ಲ, ಬೆಂಗಳೂರಿಗೆ ಬಂದ ಮೇಲೆ ಮನೆಯ ಹೊರಗೆ ಎಂದೂ ಆಡದ ನನ್ನ ಮಾತಿನಲ್ಲಿ ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಮ್ಮವ್ವ ರೊಟ್ಟಿ ಬಡಿಯುವ ಸದ್ದಿಗೆ ನಾವು ಏಳುತ್ತಿದ್ದುದು, ಶೇಂಗಾ ಸುಲಿದು ಸುಲಿದು ಉಗುರು ನೋಯುತ್ತಿದ್ದುದು, ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದ ನನ್ನ ಗಂಡ ನನ್ನ ಬದಲು ನನ್ನ ಅಕ್ಕನನ್ನು ಮಾತಾಡಿಸಿ ಹೋಗಿದ್ದು. ಅವರು ನಗಲು ಹೋಗಿ ಕೆಮ್ಮಿದರು. ಆಮೇಲೆ ನಗುವ ಕತೆಗಳನ್ನು ಬಿಟ್ಟೆ. ನಡುನಡುವೆ ಸಂಖ್ಯೆ ಕೇಳುತ್ತಿದ್ದೆ. ತೊಂಬತ್ತು, ತೊಂಬತ್ತೊಂದು, ಮತ್ತೆ ಎಂಬತ್ತೊಂಬತ್ತು.

ಎರಡೂವರೆಗೆ ಮುಖ್ಯೋಪಾಧ್ಯಾಯಿನಿಯ ಫೋನ್ ಬಂತು. ಬೆಡ್ ಸಿಕ್ಕಿತ್ತು. ಸಹಾಯವಾಣಿಯವರು ಇವರ ಕಾಟ ತಾಳಲಾರದೆ ಕೊಟ್ಟರೋ, ನಿಜವಾಗಿ ಸರದಿಯೇ ಬಂತೋ, ಇವತ್ತಿಗೂ ಗೊತ್ತಿಲ್ಲ. ಮೂರಕ್ಕೆ ಆಂಬುಲೆನ್ಸ್ ಬಂತು. ಮೈತುಂಬ ನೀಲಿ ಹೊದಿಕೆ ಹಾಕಿದ್ದ ಇಬ್ಬರು ಇಳಿದರು. ಆಂಟಿ ಸ್ಟ್ರೆಚರ್ ಬೇಡವೆಂದು ನಡೆದೇ ಬಂದರು. ಬಾಗಿಲು ಹಾಕಿ, ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಫ್ಯಾನ್ ಆಫ್ ಮಾಡಿಲ್ಲ, ಆಮೇಲೆ ಯಾರಾದ್ರೂ ಆಫ್ ಮಾಡಿ. ಆ ಹುಡುಗಿ ಬಂದ್ರೆ ಹೇಳಿ, ಹೆಮ್ಮಿಂಗ್ ಒಂದೇ ಬಾಕಿ ಅಂತ" ಎಂದರು. ನನಗೆ ಅಳು ಬಂದದ್ದು ಆಂಬುಲೆನ್ಸ್ ತಿರುವು ದಾಟಿದ ಮೇಲೆ.

ಐದನೆಯ ದಿನ ನನಗೂ ಜ್ವರ ಬಂತು. ಅದು ಅವರಿಂದಲೇ ಬಂತೋ, ಮೊಸರಿನ ಅಂಗಡಿಯಿಂದ ಬಂತೋ, ಹೇಳುವಂತಿಲ್ಲ. ಎರಡು ಮಾಸ್ಕು ಕೊಟ್ಟಿದ್ದ ನನ್ನ ಗಂಡ "ನಾ ಹೇಳಿದ್ದಿಲ್ಲೇನು" ಎಂದು ಒಂದು ಸಲವೂ ಅನ್ನಲಿಲ್ಲ. ಕೋಣೆಯ ಬಾಗಿಲ ಹೊರಗೆ ಗಂಜಿ ಇಟ್ಟು ಹೋಗುತ್ತಿದ್ದರು. ಉಪ್ಪು ಒಂದು ದಿನ ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ. ನಾಲಿಗೆ ಸತ್ತಿದ್ದ ನನಗೆ ಅದು ಗೊತ್ತಾದದ್ದು ಅವರೇ ಆಮೇಲೆ ಒಪ್ಪಿಕೊಂಡಾಗ. ನನ್ನ ಹೆಸರು ಪಟ್ಟಿಗೆ ಸೇರಿತ್ತು. ಮಾರನೆಯ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿ, "ರೋಗಿಯ ಹೆಸರು?" ಎಂದರು.

"ಮೇಡಂ, ನಾನೇ."

"ಗೊತ್ತು. ಆದ್ರೂ ಕೇಳ್ಬೇಕು. ವಯಸ್ಸು?"

ಎಂಟೂ ಪ್ರಶ್ನೆ ಕೇಳಿದರು. ಕೊನೆಗೆ ಎಣಿಸಲು ಹೇಳಿದರು. ನಾನು ಮೂವತ್ತೆರಡಕ್ಕೆ ನಿಲ್ಲಿಸಿದೆ. "ಪರವಾಗಿಲ್ಲ" ಎಂದು ಫೋನ್ ಇಟ್ಟರು. ಹತ್ತು ದಿನ ಒಂದು ದಿನವೂ ತಪ್ಪಿಸಲಿಲ್ಲ.

ಆಂಟಿ ಆಸ್ಪತ್ರೆಯಲ್ಲಿ ಹದಿಮೂರು ದಿನ ಇದ್ದರು. ಅವರ ಫೋನ್ ಸ್ವಿಚ್ ಆಫ್ ಆಗಿತ್ತು. ವಾರ್ಡಿಗೆ ಮಾಡಿದರೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಎಂಟನೆಯ ದಿನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ನರ್ಸೊಬ್ಬಳು ತನ್ನ ಮೊಬೈಲನ್ನು ಅವರ ಬಾಯಿ ಹತ್ತಿರ ಹಿಡಿದಿದ್ದಳಂತೆ. ಆಕ್ಸಿಜನ್ನಿನ ಗುಳುಗುಳು ಸದ್ದಿನ ನಡುವೆ "ಮಿಸ್" ಎಂದು ಒಂದೇ ಮಾತು ಕೇಳಿಸಿತು. ನಾನು ಹಾಸಿಗೆಯಲ್ಲಿ ಎದ್ದು ಕೂತು, ಗದಗಿನ ಕನ್ನಡದಲ್ಲಿ ಏನೇನೋ ಮಾತಾಡಿದೆ.

ಅವರು ಮನೆಗೆ ಬಂದು ಒಂದು ವಾರವಾದ ಮೇಲೆ ನೋಡಲು ಹೋದೆ. ಮೊದಲ ಸಲ ಬಾಗಿಲಿನಿಂದ ಒಳಗೆ ಹೋದದ್ದು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಡುಗೆಮನೆಯಿಂದ ಮುಂದಿನ ಕೋಣೆಗೆ ಬರುವಷ್ಟರಲ್ಲಿ ಒಮ್ಮೆ ನಿಲ್ಲಬೇಕಿತ್ತು. ಕುರ್ಚಿಯಲ್ಲಿ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆವತ್ತೇ ಹೇಳ್ಬೇಕು ಅಂತಿದ್ದೆ. ನಿಮ್ಮ ಬ್ಲೌಸ್ ಯಾರು ಹೊಲಿದಿದ್ದು? ಎಡಗಡೆ ತೋಳು ಎಳೀತಾ ಇದೆ" ಎಂದರು.

"ಆವತ್ತು ನಿಮಗೆ ಎಂಬತ್ತೆಂಟಿತ್ತು ಆಂಟಿ. ಬ್ಲೌಸ್ ನೋಡ್ತಿದ್ರಾ?"

"ಕಣ್ಣು ಚೆನ್ನಾಗೇ ಇತ್ತಲ್ಲ."

ಮಳೆಗಾಲದಲ್ಲಿ ಆ ಗೌನಿನ ಹುಡುಗಿ ಬಂದಳು. ಮದುವೆಗೆ ಹತ್ತು ದಿನ ಉಳಿದಿತ್ತು. ಬೇರೆಯವರ ಹತ್ತಿರ ಮುಗಿಸಿಕೊಳ್ಳಮ್ಮ ಎಂದು ಆಂಟಿ ಹೇಳಿದರೂ ಅವಳು ಕೇಳಲಿಲ್ಲ. "ನನ್ನ ಮಮ್ಮಿದೂ ನೀವೇ ಹೊಲಿದಿದ್ದು. ಹೆಮ್ಮಿಂಗ್ ಇಲ್ದೆ ಇದ್ರೂ ಇದನ್ನೇ ಹಾಕ್ಕೊಳ್ತೀನಿ" ಎಂದು ಹೇಳಿ ಹೋದಳು. ಆಂಟಿಯ ಕೈ ಇನ್ನೂ ನಡುಗುತ್ತಿತ್ತು. ಬಗ್ಗಿ ಕೂತರೆ ಉಸಿರು ಕಟ್ಟುತ್ತಿತ್ತು. ಮೂರು ಶನಿವಾರ ನನಗೆ ಹಳೆಯ ಬಟ್ಟೆಯ ಮೇಲೆ ಹೊಲಿಗೆ ಹೇಳಿಕೊಟ್ಟಿದ್ದರು, ಹೊತ್ತು ಕಳೆಯಲೆಂದು. ಈಗ ಅದೇ ಆಸರೆಯಾಯಿತು. ಅವರು ಕುರ್ಚಿಯಲ್ಲಿ, ನಾನು ನೆಲದ ಮೇಲೆ. ನನ್ನ ಸುತ್ತ ಬಿಳಿ ಸ್ಯಾಟಿನ್ ಹರಡಿಕೊಂಡಿತ್ತು.

"ಸಣ್ಣ ಹೊಲಿಗೆ ಹಾಕಿ ಮಿಸ್. ಎದುರುಗಡೆ ಕಾಣ್ಬಾರ್ದು."

ಎರಡು ಅಡಿ ಹೊಲಿದರೆ ಒಂದು ಅಡಿ ಬಿಚ್ಚಿಸುತ್ತಿದ್ದರು. ನಾನು ಯಾವ ಮಗುವಿನ ಕಾಪಿ ಪುಸ್ತಕವನ್ನೂ ಅಷ್ಟು ಸಲ ಅಳಿಸಿ ಬರೆಸಿಲ್ಲ. ಎರಡು ದಿನವಿಡೀ ಹೊಲಿದು ಮುಗಿಸಿದೆವು. ಮದುವೆಗೆ ಕೆಲವೇ ಜನರಿಗೆ ಅವಕಾಶವಿತ್ತು, ನಾವಿಬ್ಬರೂ ಹೋಗಲಿಲ್ಲ. ಚರ್ಚಿನಿಂದ ಹೊರಟ ಕಾರು ಆಂಟಿಯ ಮನೆಯ ಮುಂದೆ ನಿಂತಿತು. ಹುಡುಗಿ ಇಳಿದು ಗೇಟಿನ ಬಳಿ ಒಂದು ಸುತ್ತು ತಿರುಗಿ ತೋರಿಸಿದಳು. ಆಂಟಿ ಅಂಚನ್ನೇ ನೋಡುತ್ತಿದ್ದರು. ಕಾರು ಹೋದ ಮೇಲೆ, "ಹಿಂದುಗಡೆ ಒಂದು ಕಡೆ ಕಾಣ್ತಿದೆ. ಹೋಗ್ಲಿ, ಹಿಂದೆ ಯಾರು ನೋಡ್ತಾರೆ" ಎಂದರು.

ಇದೆಲ್ಲ ಆಗಿ ವರ್ಷಗಳಾದವು. ಆಂಟಿಯ ಉಸಿರು ಪೂರ್ತಿ ಮೊದಲಿನಂತಾಗಲಿಲ್ಲ. ಮೆಟ್ಟಿಲು ಹತ್ತಿದರೆ ನಡುವೆ ನಿಲ್ಲುತ್ತಾರೆ. ಗೌನು ಬಿಟ್ಟು ಮಕ್ಕಳ ಬಟ್ಟೆಯನ್ನಷ್ಟೇ ಹೊಲಿಯುತ್ತಾರೆ. ಪ್ರತಿ ಚಳಿಗಾಲ ಬಂದಾಗಲೂ ಯಾವುದೋ ಹೊಸ ವೈರಸ್ಸಿನ ಹೆಸರು ಸುದ್ದಿಯಲ್ಲಿ ಕೇಳಿಬರುತ್ತದೆ. ಒಂದು ಸಲ ಎಲ್ಲೋ ದೂರದ ದೇಶದ ಕೋಳಿ ಫಾರಂ, ಇನ್ನೊಂದು ಸಲ ನಮ್ಮೂರಿನದೇ ಆಸ್ಪತ್ರೆಯ ಒಂದು ಮಗು. ಹೆದರಬೇಕಾಗಿಲ್ಲ ಎಂದು ಒಬ್ಬರು, ಹೆದರಲೇಬೇಕೆಂದು ಇನ್ನೊಬ್ಬರು. ನನಗೆ ತಿಳಿದಿರುವುದು ಇಷ್ಟೇ: ಮುಂದಿನದು ಒಂದಲ್ಲ ಒಂದು ದಿನ ಬರುತ್ತದೆ, ಬಂದಾಗ ಅದು ಮೊದಲು ಗೊತ್ತಾಗುವುದು ಯಾರದೋ ಮಾತಿನ ನಡುವೆ ಉಸಿರು ತುಂಡಾದಾಗ. ಅದನ್ನು ಕೇಳಿಸಿಕೊಳ್ಳುವವರು ಯಾರಾದರೂ ಇರಬೇಕು.

ಹೋದ ವರ್ಷ ಅಂಥದೇ ಒಂದು ಸುದ್ದಿ ಹಬ್ಬಿದ್ದ ಹೊತ್ತಿಗೆ ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳ ಬಟ್ಟೆ ಹೊಲಿಸಬೇಕಾಗಿತ್ತು. ಅಳತೆ ತೆಗೆಯಲು ಆಂಟಿಯನ್ನು ಆಟೊದಲ್ಲಿ ಕರೆತಂದೆ. ತರಗತಿಯ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ನಲವತ್ತು ಮಕ್ಕಳು, ನಾಲ್ಕೈದು ಕಡೆ ಕೆಮ್ಮು.

"ಕಿಟಕಿ ಯಾಕೆ ಮುಚ್ಚಿದೀರಾ ಮಿಸ್?"

ಮಾರ್ಕೆಟ್ಟಿನ ಗಲಾಟೆ, ಧೂಳು ಎಂದು ಯಾವಾಗಲೋ ಮುಚ್ಚಿದ್ದು. ಮೇಲೆ ಎರಡು ಸಲ ಪೇಂಟ್ ಬಳಿದು ಚೌಕಟ್ಟಿಗೆ ಅಂಟಿಕೊಂಡಿದ್ದವು. ನಿಜ ಹೇಳಬೇಕೆಂದರೆ ಅಷ್ಟೆಲ್ಲ ನೋಡಿದ ನಾನು, ಅದೇ ಕೋಣೆಯಲ್ಲಿ ದಿನವೂ ಪಾಠ ಮಾಡುತ್ತಾ, ಆ ಕಿಟಕಿಗಳ ಬಗ್ಗೆ ಯೋಚಿಸಿಯೇ ಇರಲಿಲ್ಲ.

"ಇದು ತೆಗೆಯೋ ತನಕ ನಾನು ಟೇಪು ತೆಗೆಯಲ್ಲ" ಎಂದು ಹೇಳಿ ಆಂಟಿ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಸದ್ದು ಕೇಳಿ ಮುಖ್ಯೋಪಾಧ್ಯಾಯಿನಿ ಬಂದರು. ನಿವೃತ್ತಿಗೆ ಅವರಿಗೆ ಇನ್ನು ಒಂದು ವರ್ಷ ಉಳಿದಿತ್ತು. ಇಬ್ಬರೂ ಪರಸ್ಪರ ನೋಡಿದ್ದು ಅವತ್ತೇ ಮೊದಲು. ಬೆಡ್ ಹುಡುಕಿಕೊಟ್ಟವರು ಇವರೇ ಎಂದು ನಾನು ಹೇಳಿದೆ. ಆಂಟಿ ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡರು. ಮೇಡಂ ಕೈ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಫೀಸಿಗೆ ಹೋಗಿ ಒಂದು ಸ್ಕ್ರೂ ಡ್ರೈವರ್ ತಂದರು.

ಮಕ್ಕಳನ್ನು ಅಂಗಳಕ್ಕೆ ಕಳಿಸಿ, ನಾನು ಮತ್ತು ಮೇಡಂ ಬೆಂಚು ಹತ್ತಿ ಪೇಂಟ್ ಕೆರೆದೆವು. ಮೊದಲನೆಯ ಕಿಟಕಿ ತೆರೆಯಲು ಅರ್ಧ ಗಂಟೆ ಹಿಡಿಯಿತು. ಎರಡನೆಯದು ಬೇಗ ಬಂತು. ಮೂರನೆಯದಕ್ಕೆ ಮಾರನೆಯ ದಿನ ಬಡಗಿಯೇ ಬರಬೇಕಾಯಿತು. ತೆರೆದ ಎರಡು ಕಿಟಕಿಗಳಿಂದಲೇ ಗಾಳಿಯ ಜೊತೆಗೆ ಬೀದಿಯ ಹಾರನ್ನು, ಸೊಪ್ಪು ಮಾರುವವಳ ಕೂಗು, ಕರಿದ ಬೋಂಡಾದ ವಾಸನೆ ಎಲ್ಲ ಒಳಗೆ ಬಂದವು.

"ಇನ್ನು ಪಾಠ ಯಾರಿಗೆ ಕೇಳ್ಸುತ್ತೆ?" ಎಂದರು ಮೇಡಂ, ಸೀರೆಯ ಮೇಲಿನ ಪೇಂಟಿನ ಚೂರು ಕೊಡವಿಕೊಳ್ಳುತ್ತಾ.

"ಈ ಮಿಸ್ ದನಿ ಕೇಳ್ಸುತ್ತೆ ಬಿಡಿ" ಎಂದು ಆಂಟಿ ಟೇಪು ಬಿಚ್ಚಿ, ಅಂಗಳದಿಂದ ಮರಳಿದ ಮಕ್ಕಳ ಸಾಲಿನಲ್ಲಿ ಮೊದಲು ನಿಂತಿದ್ದ ಹುಡುಗಿಗೆ ಕೈ ಅಗಲಿಸು ಎಂದರು.